ಬೆಲೆ ಏರಿತು, ಪಿಇ ಯಾಕೆ ಇಳಿಯಿತು?

ಪ್ರಶ್ನೆ: ಅಪ್ಪನ ಹತ್ತಿರ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ 100 ಷೇರು ಇದ್ದವು. 2017ರ ವಿಲೀನದಲ್ಲಿ ಅವು 220 ಎಸ್‌ಬಿಐ ಷೇರುಗಳಾದವು. ಅದರ ಪಿಇ (ಷೇರಿನ ಬೆಲೆ, ಒಂದು ಷೇರಿನ ವರ್ಷದ ಲಾಭದ ಎಷ್ಟು ಪಟ್ಟು ಅನ್ನೋದು) 2019ರ ಮಾರ್ಚ್‌ನಲ್ಲಿ ಸುಮಾರು 330, 2024ರ ಮಾರ್ಚ್‌ನಲ್ಲಿ ಬರೀ 11. ಆದರೆ ಬೆಲೆ ದುಪ್ಪಟ್ಟಾಗಿದೆ. ಬೆಲೆ ಏರಿದರೆ ಪಿಇ ಕೂಡ ಏರಬೇಕಲ್ವಾ?
– ಓದುಗರು, ತಿಪಟೂರು

ಉತ್ತರ: ನಿಮ್ಮ 220 ಷೇರನ್ನೇ ಹಿಡಿದು ಲೆಕ್ಕ ಹಾಕೋಣ. 2019ರ ಮಾರ್ಚ್‌ನಲ್ಲಿ ಒಂದು ಷೇರಿಗೆ 320 ರೂಪಾಯಿ ಆಸುಪಾಸು, ಅಂದರೆ ಒಟ್ಟು 70,400. ಆ ವರ್ಷದ ಲಾಭದಲ್ಲಿ ನಿಮ್ಮ ಪಾಲು? ಷೇರಿಗೆ 97 ಪೈಸೆಯಂತೆ 213 ರೂಪಾಯಿ! ಐದು ವರ್ಷದ ನಂತರ ಷೇರಿನ ಬೆಲೆ 750ರ ಸುತ್ತಮುತ್ತ, ಒಟ್ಟು 1.65 ಲಕ್ಷ. ಲಾಭದ ಪಾಲು ಮಾತ್ರ 15,000 ದಾಟಿತ್ತು. ಬೆಲೆ ಎರಡು ಪಟ್ಟು ಬೆಳೆದರೆ ಲಾಭ ಎಪ್ಪತ್ತು ಪಟ್ಟು ಬೆಳೆದಿದೆ. ಪಿಇ ಇಳಿಯದೆ ಇನ್ನೇನಾಗುತ್ತೆ?

ಹಾಗಂತ 2019ರಲ್ಲಿ ಬ್ಯಾಂಕಿಗೆ ವ್ಯಾಪಾರವೇ ಇರಲಿಲ್ಲ ಅಂದುಕೊಳ್ಳಬೇಡಿ. ಕಾರ್ಯಾಚರಣೆಯ ಲಾಭವೇ 55 ಸಾವಿರ ಕೋಟಿ ಮೀರಿತ್ತು. ಅದರಲ್ಲಿ ಬಹುಪಾಲು ಕೆಟ್ಟ ಸಾಲಗಳಿಗೆಂದು ತೆಗೆದಿಟ್ಟು, ತೆರಿಗೆಯನ್ನೂ ಕಳೆದ ಮೇಲೆ ಉಳಿದದ್ದು ಬರೀ 862 ಕೋಟಿ. ಹಿಂದಿನ ವರ್ಷ ಇನ್ನೂ ಕಷ್ಟ, 6,547 ಕೋಟಿ ನಷ್ಟ. ನಷ್ಟವಾದ ವರ್ಷಕ್ಕೆ ಪಿಇ ಅನ್ನೋದೇ ಇರಲ್ಲ.

ಇದರ ಬೇರು 2015ರಲ್ಲಿದೆ. ಬ್ಯಾಂಕುಗಳು ಒಳಗೇ ಮುಚ್ಚಿಟ್ಟುಕೊಂಡಿದ್ದ ಕೆಟ್ಟ ಸಾಲವನ್ನು ರಿಸರ್ವ್ ಬ್ಯಾಂಕ್ ಆಗ ಪಟ್ಟು ಹಿಡಿದು ಹೊರಗೆ ತೆಗೆಸಿತು. ಅದಕ್ಕೂ ಮುಂಚೆ ಲಾಭ ಇರುವುದಕ್ಕಿಂತ ಹೆಚ್ಚು ಕಾಣುತ್ತಿತ್ತು. ಹಾಗಾಗಿ ಆಗಿನ ಪಿಇ ನೋಡಲು ಚೆನ್ನಾಗಿರುತ್ತೆ, ನನಗಂತೂ ನಂಬಿಕೆಯಿಲ್ಲ. 2018ರ ಮಾರ್ಚ್‌ನಲ್ಲಿ ಎಸ್‌ಬಿಐನ ಒಟ್ಟು ಎನ್‌ಪಿಎ, ಅಂದರೆ ಕೆಟ್ಟ ಸಾಲ, ಕೊಟ್ಟ ಸಾಲದ ಶೇ 10.91. 2024ಕ್ಕೆ ಅದು ಶೇ 2.24ಕ್ಕೆ ಬಂತು. ತೆಗೆದಿಡುವ ಹಣ ಕಡಿಮೆಯಾಗಿದ್ದೇ ತಡ, ಲಾಭ ಉಕ್ಕಿತು.

ಸೋಪು, ಬಿಸ್ಕತ್ತಿನ ಕಂಪನಿಯ ಪಿಇ ಓದಿದ ಹಾಗೆ ಬ್ಯಾಂಕಿನದನ್ನು ಓದಬಾರದು ಅನ್ನೋದು ಇದಕ್ಕೇ. ಜೊತೆಗೆ ಪುಸ್ತಕ ಮೌಲ್ಯವನ್ನೂ (ಬ್ಯಾಂಕಿನ ಆಸ್ತಿಯಲ್ಲಿ ಕೊಡಬೇಕಾದ್ದನ್ನೆಲ್ಲ ಕಳೆದು ಒಂದು ಷೇರಿಗೆ ಉಳಿಯುವ ಪಾಲು) ನೋಡಿ. 2019ರಲ್ಲಿ ಷೇರಿನ ಬೆಲೆ ಅದರ 1.3 ಪಟ್ಟು ಇತ್ತು, 2024ರಲ್ಲಿ ಸುಮಾರು 1.8 ಪಟ್ಟು. ಪಿಇ ‘ಅಗ್ಗವಾಯಿತು’ ಅನ್ನುತ್ತೆ, ಇದು ‘ಸ್ವಲ್ಪ ದುಬಾರಿಯಾಯಿತು’ ಅನ್ನುತ್ತೆ. ನನ್ನ ಮತ ಎರಡನೆಯದಕ್ಕೆ.

ಇನ್ನೊಂದು ಮಾತು. ಮೇಲಿನದೆಲ್ಲ ಬ್ಯಾಂಕೊಂದರದೇ ಲೆಕ್ಕ. ಅಂಗಸಂಸ್ಥೆಗಳನ್ನೂ ಸೇರಿಸಿದರೆ 2019ರ ಲಾಭ 2,300 ಕೋಟಿಯಷ್ಟು, ಪಿಇ 125ರ ಹತ್ತಿರ. ನಿಮ್ಮ ಆ್ಯಪ್ ಬೇರೆ ಅಂಕಿ ತೋರಿಸಿದರೆ ಗಾಬರಿ ಬೇಡ.