ಖೋಲಿ ಸಿಗುವ ತನಕ ಹೆಂಡತಿ ಊರಲ್ಲೇ

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ಅಳಿಯ ಬ್ರಿಟನ್ ಪ್ರಜೆ. ಲೆಸ್ಟರಿನಲ್ಲಿ ಕೆಲಸ, ವರ್ಷಕ್ಕೆ 27,800 ಪೌಂಡು ಸಂಬಳ. ಹೆಂಡತಿಯನ್ನು ಅಲ್ಲಿಗೆ ಕರೆಸಿಕೊಳ್ಳಲು ಬೇಕಾದ 29,000 ಇಲ್ಲ ಅಂತ ಮಗಳ ವೀಸಾ ತಿರಸ್ಕಾರವಾಯಿತು. ಅವಳಿಗೆ ಇಲ್ಲಿ ಒಳ್ಳೆಯ ಬ್ಯಾಂಕ್ ಕೆಲಸ, ಆ ಸಂಬಳ ಲೆಕ್ಕಕ್ಕೇ ಇಲ್ಲವಂತೆ. ಅಪೀಲು ಹಾಕಲೇ? ಅವರ ಖಜಾನೆ ಅವರು ನೋಡಿಕೊಳ್ಳುವುದೂ ಸರಿಯೇ ಅನ್ನಿ."

ಸರಿಯೇ ಸ್ವಾಮಿ. ಬಂದವರು ಸರಕಾರಕ್ಕೆ ಹೊರೆಯಾಗಬಾರದು, ಒಪ್ಪಿದೆ. ಅಲ್ಲಿಗೆ ನನ್ನ ಒಪ್ಪಿಗೆ ಮುಗಿಯಿತು. 2012ರಲ್ಲಿ 18,600 ಇದ್ದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 29,000 ಮಾಡಿದರು. ನಿಮ್ಮ ಅಳಿಯನಿಗೆ ಕಮ್ಮಿ ಬಿದ್ದದ್ದು 1,200. ಉಳಿತಾಯದಿಂದ ತುಂಬಿಸಬಹುದು, ಆದರೆ ಹೇಗೆ? ಕಮ್ಮಿ ಬಿದ್ದದ್ದರ ಎರಡೂವರೆ ಪಟ್ಟು, ಅದರ ಮೇಲೆ ಇನ್ನೊಂದು 16,000. ಒಟ್ಟು 19,000 ಪೌಂಡು, ಅದೂ ಆರು ತಿಂಗಳು ಖಾತೆಯಲ್ಲಿ ಅಲುಗಾಡದೆ ಕೂತಿರಬೇಕು! ಮಾಟುಂಗಾ ಮಾರ್ಕೆಟ್ಟಿನಲ್ಲಿ ಯಾರಾದರೂ ಹೀಗೆ ಲೆಕ್ಕ ಹೇಳಿದ್ದರೆ ಚೀಲ ಅಲ್ಲೇ ಸುರಿದು ಬರುತ್ತಿದ್ದೆ.

ನನ್ನ ಅಪ್ಪ ಉಡುಪಿ ಕಡೆಯಿಂದ ಬಂದು ಮುಂಬಯಿಯ ಫೋರ್ಟಿನ ಕ್ಯಾಂಟೀನೊಂದರಲ್ಲಿ ದುಡಿದವರು. ಕಡೇ ಗಿರಾಕಿ ಎದ್ದ ಮೇಲೆ ಎರಡು ಟೇಬಲ್ ಜೋಡಿಸಿ, ತಗಡಿನ ಟ್ರಂಕು ಪಕ್ಕಕ್ಕಿಟ್ಟು ಮಲಗುತ್ತಿದ್ದರು. ಪಗಡಿ ದುಡ್ಡು, ಅಂದರೆ ಬಾಡಿಗೆಗೆ ಹಿಡಿಯುವಾಗ ಮೊದಲೇ ಕೊಡಬೇಕಾದ ಇಡುಗಂಟು, ಕೂಡಿಸಿ ಪರೇಲಿನ ಚಾಳಿನಲ್ಲಿ ಖೋಲಿ ಹಿಡಿಯುವಷ್ಟರಲ್ಲಿ ಏಳು ವರ್ಷ. ಆಗ ನನಗೆ ಆರು. ಬಸ್ಸಿಳಿದು ಅಪ್ಪನನ್ನು ನೋಡಿ "ಇದು ಯಾರಮ್ಮ" ಅಂದೆನಂತೆ. ಅಪ್ಪ ಇದನ್ನು ನಗುತ್ತಾ ಹೇಳುತ್ತಿದ್ದರು, ಅಮ್ಮ ಮಾತ್ರ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅವರನ್ನು ತಡೆದದ್ದು ಬಡತನ. ಇಲ್ಲಿ ಕಾನೂನೇ ಬಾಗಿಲಲ್ಲಿ ನಿಂತಿದೆ.

ಅಪೀಲಿನ ಮಾತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಿತಿ ತಪ್ಪಲ್ಲ ಅಂತಲೇ ಹೇಳಿತು, ಆದರೆ ಮಕ್ಕಳ ಹಿತ ನೋಡಿ, ಬೇರೆ ಕಡೆಯ ಹಣವನ್ನೂ ನೋಡಿ ಅಂದಿತು. ಸಂಬಳ ನಿಜಕ್ಕೂ ಕಮ್ಮಿ ಇದ್ದು, ವಿಶೇಷ ಕಾರಣವೂ ಇಲ್ಲದಿದ್ದರೆ ಹೊಸ ಅರ್ಜಿಯೇ ವಾಸಿ. ಪೇಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟು ಅವರು ತಪ್ಪಾಗಿ ಓದಿದ್ದರೆ ಅಪೀಲು ಹಾಕಿ. ಉಳಿತಾಯಕ್ಕೆ ನೀವೂ ದುಡ್ಡು ಸೇರಿಸಬಹುದು, ಆದರೆ ಅದು ಉಡುಗೊರೆಯಾಗಿರಬೇಕು, ಸಾಲ ನಡೆಯಲ್ಲ. ಅರ್ಜಿಗೆ ಮೊದಲು ಅಲ್ಲಿನ ವಕೀಲರೊಬ್ಬರಿಗೆ ಕಾಗದ ತೋರಿಸಿ.

ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಪತ್ರದಲ್ಲಿ ಅಳಿಯನ ಸಂಬಳ ಇದೆ, ಮಗಳು ಏನಂದಳು ಅನ್ನುವುದೇ ಇಲ್ಲ. ನಮ್ಮ ಪತ್ರಿಕೆಗೆ ಬರುವ ವಧೂವರ ಜಾಹೀರಾತಿನಲ್ಲೂ ಹುಡುಗನ ಊರಿಗಿಂತ ಮೊದಲು ಪ್ಯಾಕೇಜು. ಮತ್ತೆ ಆ ವೀಸಾ ಅಧಿಕಾರಿಯನ್ನು ಯಾವ ಬಾಯಲ್ಲಿ ಬೈಯೋಣ? ಆದರೂ ಬೈಯುತ್ತೇನೆ.

ತಿರಸ್ಕಾರದ ಪತ್ರ ಕೈಸೇರಿದ ತಾರೀಕು ನೀವು ಬರೆದಿಲ್ಲ. ಇಲ್ಲಿಂದ ಅಪೀಲು ಹಾಕಲು ಇರುವುದು 28 ದಿನ. ಮಗಳನ್ನು ಕೂರಿಸಿಕೊಂಡು ಇವತ್ತೇ ಎಣಿಸಿ.