ಹೊಟ್ಟೆಯೊಳಗಿನ ಮಗುವಿಗೆ ಉಸಿರು ಎಲ್ಲಿಂದ?

ಪ್ರಶ್ನೆ: ನನಗೀಗ ಏಳು ತಿಂಗಳು. ಮಲ್ಪೆಯಿಂದ ಉಡುಪಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಸೆಕೆ, ರಶ್ಶಿನಲ್ಲಿ ನನಗೇ ಉಸಿರು ಕಟ್ಟಿದ ಹಾಗಾಗುತ್ತದೆ. ಆಗ ಮಗುವಿಗೆ ಆಕ್ಸಿಜನ್ ಸಾಕಾಗುತ್ತದಾ ಡಾಕ್ಟ್ರೇ?

ಉತ್ತರ: ಹೆದರಬೇಡಿ ತಂಗಿ. ಮಗುವಿನ ಶ್ವಾಸಕೋಶದಲ್ಲಿ ಈಗ ಗಾಳಿಯಿಲ್ಲ, ನೀರಿನಂಥ ದ್ರವ ಇದೆ. ಶ್ವಾಸಕೋಶದ ಕೆಲಸ ಮಾಡುವುದು ಮಾಸು, ಅಂದರೆ ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುವ ಪ್ಲಾಸೆಂಟಾ. ಅಲ್ಲಿ ನಿಮ್ಮ ರಕ್ತ, ಮಗುವಿನ ರಕ್ತ ಬೆರೆಯುವುದಿಲ್ಲ. ನಡುವೆ ತೆಳ್ಳಗಿನ ಪೊರೆ ಇದೆ, ಅದನ್ನು ದಾಟಿ ಆಕ್ಸಿಜನ್ ಆ ಕಡೆ ಹೋಗುತ್ತದೆ, ಕಾರ್ಬನ್ ಡೈಆಕ್ಸೈಡ್ ಈ ಕಡೆ ಬರುತ್ತದೆ. ಹೊಕ್ಕುಳಬಳ್ಳಿಯಲ್ಲಿ ಸಾಮಾನ್ಯವಾಗಿ 3 ರಕ್ತನಾಳ. ಒಂದು ಆಕ್ಸಿಜನ್ ತರುತ್ತದೆ, ಉಳಿದ ಎರಡು ಬಳಸಿದ ರಕ್ತವನ್ನು ವಾಪಸ್ ಒಯ್ಯುತ್ತವೆ. ನನಗೆ ಬಹಳ ಇಷ್ಟವಾಗುವ ವಿಷಯ ಇನ್ನೊಂದಿದೆ. ಮಗುವಿನ ಹಿಮೋಗ್ಲೋಬಿನ್ನೇ ಬೇರೆ ಥರದ್ದು, ನಿಮ್ಮದಕ್ಕಿಂತ ಗಟ್ಟಿಯಾಗಿ ಆಕ್ಸಿಜನ್ ಹಿಡಿಯುತ್ತದೆ, ಹಾಗಾಗಿ ಕಡಿಮೆ ಇದ್ದಲ್ಲೂ ತನ್ನ ಪಾಲು ಎಳೆದುಕೊಳ್ಳುತ್ತದೆ.

ಕೂತು ಸುಧಾರಿಸಿಕೊಂಡರೆ ಹೋಗುವ ಮೇಲುಸಿರಿನಿಂದ ಸಾಮಾನ್ಯವಾಗಿ ಮಗುವಿಗೆ ತೊಂದರೆಯಿಲ್ಲ. ಬಸ್ಸಿನಲ್ಲಿ ಸೀಟು ಕೇಳಿ, ನಾಚಿಕೆ ಬೇಡ. ಮನೆಯಲ್ಲಿ ಯಾರಾದರೂ ಬೀಡಿ ಸೇದಿದರೆ ಮಾತ್ರ ಹೊರಗೆ ಕಳಿಸಿ, ಆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ನಿನ ಜಾಗ ಕಸಿಯುತ್ತದೆ. ಕೂತಾಗಲೂ ಉಸಿರು ಸಿಕ್ಕಿಕೊಂಡರೆ ಅಥವಾ ಮಗುವಿನ ಒದೆತ ಕಡಿಮೆ ಅನಿಸಿದರೆ ನಾಳೆ ನೋಡೋಣ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.