ಚರ್ಚಿನ ಸೇವಾ ತಂಡದ ಜೊತೆ ವಿದೇಶಕ್ಕೆ ಹೋದರೆ ಅಲ್ಲಿನವರಿಗೆ ನಿಜವಾಗಿ ಉಪಯೋಗ ಆಗುತ್ತದಾ?

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಚರ್ಚಿನ ಸಭೆಯಿಂದ ಆಫ್ರಿಕಾದ ಶಾಲೆ, ಆಸ್ಪತ್ರೆಗಳಲ್ಲಿ ಎರಡು ವಾರ ಸೇವೆ ಮಾಡಲು ಕರೆದಿದ್ದಾರೆ, ಹೋಗಲೋ ಬೇಡವೋ ಎಂದು ಕೇಳಿದ್ದೀರಿ. ನಾನು ಹದಿನಾಲ್ಕು ಜನರ ತಂಡದಲ್ಲಿ ಮಲಾವಿಗೆ ಹೋಗಿ ಬಂದವನು. ಉಪಯೋಗ ಆಯಿತು. ಆದರೆ ಅದು ಹೆಚ್ಚುಕಡಿಮೆ ಒಬ್ಬರಿಂದಲೇ ಆದದ್ದು, ಆ ಒಬ್ಬರು ನಾನಲ್ಲ.

ಯೇಸುಸ್ವಾಮಿ ಎಪ್ಪತ್ತು ಮಂದಿ ಶಿಷ್ಯರನ್ನು ಕಳುಹಿಸುವಾಗ ಹಮ್ಮೀಣಿ ಬೇಡ, ಹಸುಬೆ ಬೇಡ, ಅಂದರೆ ಹಣದ ಚೀಲವೂ ಬೇಡ, ಜೋಳಿಗೆಯೂ ಬೇಡ ಅಂದಿದ್ದರು. ನಾವು ತಲಾ ಎರಡೆರಡು ಸೂಟ್‌ಕೇಸ್ ತುಂಬ ಔಷಧಿ, ಬಣ್ಣದ ಪೆನ್ಸಿಲ್, ಟೀ ಶರ್ಟ್ ತುರುಕಿಕೊಂಡು ಮಲಾವಿಯ ರಾಜಧಾನಿ ಲಿಲೊಂಗ್ವೆಯಲ್ಲಿ ಇಳಿದೆವು. ಅಲ್ಲಿಂದ ಕೆಲವು ಗಂಟೆ ದಾರಿಯ ಒಂದು ಚರ್ಚ್ ಆಸ್ಪತ್ರೆ, ಪಕ್ಕದಲ್ಲೇ ಪ್ರಾಥಮಿಕ ಶಾಲೆ. ಆಸ್ಪತ್ರೆಯ ಹೆಸರು ಬೇಡ, ಅವರದೇನೂ ತಪ್ಪಿಲ್ಲ.

ಹೋಗುವ ಮುಂಚೆ ನನ್ನ ತಲೆಯಲ್ಲಿದ್ದ ಚಿತ್ರ: ಅಲ್ಲಿ ಏನೂ ಇಲ್ಲ, ನಾವು ಹೋಗಿ ಏನಾದರೂ ಕೊಡುತ್ತೇವೆ. ಮಲಾವಿಯ ಚರ್ಚ್ ಆಸ್ಪತ್ರೆಗಳಿಗೆ ಚಾಮ್ ಎನ್ನುವ ಒಕ್ಕೂಟವಿದೆ, 1966ರಿಂದ ಇದೆ, ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಸೇರಿ ನಡೆಸುವಂಥದ್ದು. ದೇಶದ ಆರೋಗ್ಯ ಸೇವೆಯ ಸುಮಾರು ಮೂರನೇ ಒಂದು ಪಾಲು ಇವರ ಹೆಗಲ ಮೇಲಿದೆ. ಅಲ್ಲಿ ಸಿಸೇರಿಯನ್ ಮಾಡುವವರು ಹೆಚ್ಚಾಗಿ ಕ್ಲಿನಿಕಲ್ ಆಫೀಸರ್‌ಗಳು. ಎಂಬಿಬಿಎಸ್ ಓದಿದವರಲ್ಲ, ಆದರೆ ಅದಕ್ಕೆಂದೇ ತರಬೇತಿ ಪಡೆದು ವರ್ಷಗಟ್ಟಲೆ ಅದನ್ನೇ ಮಾಡಿದ ಕೈಗಳು. ನಮ್ಮ ತಂಡದ ಯುವ ಡಾಕ್ಟರ್ ಮೊದಲ ದಿನ ಅವರಿಗೆ ಕಲಿಸಲು ಹೋದವರು ಮೂರನೇ ದಿನ ನೋಟ್‌ಬುಕ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು. ಅಂದಹಾಗೆ, ಹೊರಗಿನ ಡಾಕ್ಟರ್ ಅಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಮಲಾವಿಯ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. ನಿಮ್ಮ ತಂಡ ಹೋಗುವ ದೇಶದಲ್ಲಿ ಏನು ನಿಯಮ ಎಂದು ಮುಖಂಡರನ್ನು ಕೇಳಿ. ‘ಅದೆಲ್ಲ ಅಲ್ಲಿ ನಡೆಯುತ್ತೆ ಬಿಡಿ’ ಎಂಬ ಉತ್ತರ ಬಂದರೆ ನನ್ನ ಸಲಹೆ ಸರಳ, ಹೋಗಬೇಡಿ.

ನನಗೆ ಸಿಕ್ಕಿದ್ದು ಔಷಧಿ ಉಗ್ರಾಣದ ಕೆಲಸ. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಎಲ್ಲರೂ ‘ಬಂಬೋ’ ಅನ್ನುತ್ತಿದ್ದರು. ಅಲ್ಲಿನ ಚಿಚೇವಾ ಭಾಷೆಯಲ್ಲಿ ಅದಕ್ಕೆ ಅಪ್ಪ ಎಂದೂ ಅರ್ಥ, ಗೌರವದ ಕರೆಯೂ ಹೌದು. ನಾವು ತಂದ ಪೆಟ್ಟಿಗೆಗಳನ್ನು ಅವರು ಸಂತೋಷದಿಂದಲೇ ಬರಮಾಡಿಕೊಂಡರು. ಆಮೇಲೆ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ನಮಗಿಂತ ಮುಂಚೆ ಬಂದ ಬೇರೆ ಬೇರೆ ತಂಡಗಳು ಬಿಟ್ಟು ಹೋದವು. ಅವಧಿ ಮೀರಿದ ಸಿರಪ್, ಅಲ್ಲಿ ಯಾರಿಗೂ ಓದಲು ಬಾರದ ಭಾಷೆಯ ಲೇಬಲ್ಲಿನ ಮಾತ್ರೆ, ಅರ್ಧ ಬಳಸಿದ ಮುಲಾಮು. ಮೂಲೆಯಲ್ಲಿ ಒಂದು ಆಕ್ಸಿಜನ್ ಕಾನ್ಸಂಟ್ರೇಟರ್. 110 ವೋಲ್ಟಿನ ಯಂತ್ರ, ಮಲಾವಿಯ ಕರೆಂಟು 230. ಹಾಕಿದ ದಿನವೇ ಸುಟ್ಟಿತ್ತು.

ಇಂಥದ್ದು ಆಗಬಾರದು ಎಂದೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧಿ ದಾನಕ್ಕೆ ಮಾರ್ಗಸೂಚಿ ಹೊರಡಿಸಿದೆ. ಪಡೆಯುವವರು ಕೇಳಿದ್ದನ್ನೇ ಕೊಡಿ, ತಲುಪುವಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಲಿ, ಲೇಬಲ್ ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಇಷ್ಟು ಚಿಕ್ಕ ವಿಷಯ ನಮ್ಮ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ. ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಡಬ್ಬ ಇಟ್ಟು ‘ಮನೆಯಲ್ಲಿ ಮಿಕ್ಕ ಔಷಧಿ ಹಾಕಿ’ ಎಂದು ಕೂಗಿದವನೇ ನಾನು. ನಾಲ್ಕು ದಿನ ಬಂಬೋ ಜೊತೆ ಕೂತು ವಿಂಗಡಿಸಿದೆ. ನಾವು ತಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿನ ಕೋಣೆಗೇ ಹೋಯಿತು. ಅವಧಿ ಮುಗಿದ ಔಷಧಿಯನ್ನು ಗುಂಡಿ ತೋಡಿ ಹೂಳುವಂತಿಲ್ಲ. ಸರಿಯಾಗಿ ಸುಡಬೇಕು, ಅದಕ್ಕೆ ಇಂಧನ ಬೇಕು, ಆ ಖರ್ಚೂ ಆಸ್ಪತ್ರೆಯದೇ. ಒಟ್ಟಿನಲ್ಲಿ ನಮ್ಮ ದಾನದ ಬಿಲ್ಲು ಅವರಿಗೆ ಹೋಯಿತು. ಬಂಬೋ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಶಾಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲಾವಿ 1994ರಲ್ಲಿ ಪ್ರಾಥಮಿಕ ಶಿಕ್ಷಣದ ಶುಲ್ಕ ತೆಗೆದುಹಾಕಿದಾಗ ಸುಮಾರು 19 ಲಕ್ಷ ಇದ್ದ ಮಕ್ಕಳ ಸಂಖ್ಯೆ ಒಂದೇ ವರ್ಷದಲ್ಲಿ 30 ಲಕ್ಷದ ಹತ್ತಿರ ಹೋಯಿತು. ಕೋಣೆಗಳೂ ಶಿಕ್ಷಕರೂ ಆ ವೇಗದಲ್ಲಿ ಬೆಳೆಯಲಿಲ್ಲ. ನಾವು ನೋಡಿದ ಒಂದನೇ ತರಗತಿ ಮರದ ಕೆಳಗೆ, ನೂರಕ್ಕೂ ಹೆಚ್ಚು ಮಕ್ಕಳು, ಒಬ್ಬರೇ ಮೇಡಂ. ಒಂದು ಚಪ್ಪಾಳೆ ಲಯಕ್ಕೆ ಅಷ್ಟೂ ಮಕ್ಕಳು ಸುಮ್ಮನಾಗುತ್ತಿದ್ದರು. ನಮ್ಮ ಯೌವನಸ್ಥರು ಮೂವತ್ತು ಮಕ್ಕಳಿಗೆ ಆಗುವಷ್ಟು ಚಿತ್ರದ ಕಾರ್ಡು ತಂದಿದ್ದರು. ಮುಂದೇನಾಯಿತು ಎಂದು ಊಹಿಸಿಕೊಳ್ಳಿ. ಮಧ್ಯಾಹ್ನ ಗೋಡೆಗೆ ಬಣ್ಣ ಬಳಿದೆವು. ಅದೇ ಊರಿನ ಪೇಂಟರ್ ಒಬ್ಬರು ಕೆಲಸವಿಲ್ಲದೆ ಬೇಲಿಗೆ ಒರಗಿ ನಮ್ಮನ್ನು ನೋಡುತ್ತಿದ್ದರು. ಸಂಜೆ ನಾವು ಬ್ರಷ್ ತೊಳೆಯುವಾಗ ಬಂದು, ಕಿಟಕಿಯ ಅಂಚಿನಲ್ಲಿ ನಾವು ಸುರಿಸಿದ್ದನ್ನೆಲ್ಲ ಒರೆಸಿ ಸರಿ ಮಾಡಿಕೊಟ್ಟರು.

ಆ ಒಬ್ಬರ ವಿಷಯಕ್ಕೆ ಬರುತ್ತೇನೆ. ನಮ್ಮ ಜೊತೆ ಅಕೌಂಟ್ಸ್ ಕೆಲಸದಿಂದ ನಿವೃತ್ತರಾದ ಅಕ್ಕ ಒಬ್ಬರಿದ್ದರು. ‘ನನ್ನಿಂದ ಅಲ್ಲೇನಾಗುತ್ತೆ’ ಎಂದು ಕೊನೆಯವರೆಗೂ ಹಿಂಜರಿದವರು. ಅಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ, ಚರ್ಚ್ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕು. ಆದರೆ ಸರ್ಕಾರದ ಜೊತೆ ಒಪ್ಪಂದವಿರುವ ಕಡೆ ಹೆರಿಗೆ, ಎಳೆಗೂಸಿನ ಚಿಕಿತ್ಸೆಯಂಥವಕ್ಕೆ ತಾಯಿಯಿಂದ ತೆಗೆದುಕೊಳ್ಳದೆ ಸರ್ಕಾರಕ್ಕೆ ಬಿಲ್ಲು ಕಳುಹಿಸುತ್ತಾರೆ. ಆ ಬಿಲ್ಲಿನಲ್ಲಿ ಲೆಕ್ಕ ತಪ್ಪಿದರೆ ವಾಪಸು ಬರುತ್ತದೆ, ದುಡ್ಡು ನಿಲ್ಲುತ್ತದೆ. ದುಡ್ಡು ನಿಂತರೆ ಹೆರಿಗೆಗೆ ಬಂದವಳ ಹತ್ತಿರವೇ ಕೇಳಬೇಕಾಗುತ್ತದೆ. ಅಕ್ಕ ಹತ್ತು ದಿನ ಆ ಕಚೇರಿಯ ಗುಮಾಸ್ತನ ಪಕ್ಕ ಕೂತು, ಲೆಡ್ಜರಿನಲ್ಲಿದ್ದದ್ದನ್ನು ಎಕ್ಸೆಲ್‌ಗೆ ಇಳಿಸಿ, ತಪ್ಪು ಎಲ್ಲಿ ಆಗುತ್ತಿದೆ ಎಂದು ಅವನಿಂದಲೇ ಕಂಡುಹಿಡಿಸಿದರು. ನಾವು ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಅವರು ಒಂದರಲ್ಲೂ ಇರಲಿಲ್ಲ. ಊರಿಗೆ ಬಂದ ಮೇಲೂ ವಾರಕ್ಕೊಮ್ಮೆ ಆ ಹುಡುಗನ ಜೊತೆ ವಾಟ್ಸಾಪ್‌ನಲ್ಲಿ ಮಾತಾಡುತ್ತಾರೆ.

ಇನ್ನೊಂದು ಸಂಜೆಯನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಅಡುಗೆ, ಬಟ್ಟೆ, ಆರೈಕೆ ಬಹುಪಾಲು ಮನೆಯವರದೇ. ಅವರಿಗಾಗಿ ಹೊರಗೆ ಒಂದು ಛಾವಣಿ ಇರುತ್ತದೆ. ಅಲ್ಲಿ ಒಲೆ ಹಚ್ಚಿ ನ್ಸಿಮಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ತಿರುವುತ್ತಿದ್ದ ಒಬ್ಬ ತಾಯಿ ನರ್ಸ್ ಮೂಲಕ ನನ್ನನ್ನು ಕೇಳಿದರು: ‘ನಿಮ್ಮ ಊರಿನ ಆಸ್ಪತ್ರೆಗೂ ಹೀಗೇ ಹೋಗಿ ಕೆಲಸ ಮಾಡ್ತೀರಾ?’ ಚುಚ್ಚಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಇಲ್ಲ ಅಂದೆ. ಅವರು ಹೌದಾ ಎಂಬಂತೆ ತಲೆಯಾಡಿಸಿ ಪಾತ್ರೆಯ ಕಡೆ ತಿರುಗಿದರು.

ಹಾಗಾದರೆ ಹೋಗಬೇಕಾ? ನಿಮ್ಮ ಕೈಯಲ್ಲಿ ಅವರಿಗೆ ಬೇಕಾದ ಒಂದು ಕಸುಬು ಇದ್ದು, ಅದನ್ನು ಅವರೇ ಕೇಳಿದ್ದರೆ ಹೋಗಿ. ಅಡುಗೆಮನೆಯಿಂದ ವಾಹನದವರೆಗೆ ನಿಮ್ಮನ್ನು ನೋಡಿಕೊಳ್ಳಲು ಅವರ ಎಷ್ಟು ಜನ ಬೇಕಾಗುತ್ತದೆ ಎಂದೂ ಕೇಳಿ. ನಮಗೆ ಇಬ್ಬರು ನರ್ಸುಗಳ ಸಮಯ ಖರ್ಚಾಯಿತು, ವಾರ್ಡಿನಲ್ಲಿ ಇರಬೇಕಾದವರು. ಅನಾಥಾಶ್ರಮದ ಕಾರ್ಯಕ್ರಮ ಇದ್ದರೆ ಬಿಡಿ. ಎರಡು ವಾರ ಎತ್ತಿ ಆಡಿಸಿ ಬಿಟ್ಟು ಬರುವುದು ಮಕ್ಕಳಿಗೆ ಒಳ್ಳೆಯದಲ್ಲ. ಎಷ್ಟೋ ಕಡೆ ಆ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿಯೂ ಇರುತ್ತಾರೆ. ಬರೀ ನೋಡಿಬರುವ ಆಸೆಯಾದರೆ ಅದೂ ತಪ್ಪಲ್ಲ, ಅದಕ್ಕೆ ಸೇವೆ ಎಂದು ಹೆಸರಿಟ್ಟು ಕಾಣಿಕೆ ಎತ್ತಬೇಡಿ ಅಷ್ಟೇ.

ಬಂದ ಮೇಲೆ ಸಭೆಯಲ್ಲಿ ಸಾಕ್ಷಿ ಹೇಳಲು ನಿಲ್ಲಿಸಿದರು. ಮಕ್ಕಳು ನಗುವ ಫೋಟೋಗಳ ನಡುವೆ ನಾನು ಆ ಹಿಂದಿನ ಕೋಣೆಯ ಫೋಟೋ ಹಾಕಿದೆ. ಕೆಲವರಿಗೆ ಬೇಸರವಾಯಿತು, ಒಬ್ಬ ಹಿರಿಯರು ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ಆದರೆ ಮರುವರ್ಷ ಹದಿನಾಲ್ಕರ ಬದಲು ಮೂವರು ಹೋದರು: ಅಕ್ಕ, ಒಬ್ಬ ಎಲೆಕ್ಟ್ರಿಷಿಯನ್, ಯಂತ್ರ ರಿಪೇರಿ ಗೊತ್ತಿದ್ದ ಒಬ್ಬ ಹುಡುಗ. ಹೊರಡುವ ಮುಂಚೆ ಏನು ತರಬೇಕೆಂದು ಪಟ್ಟಿ ಕೇಳಿದ್ದೆವು. ಗುಮಾಸ್ತ ಕಳುಹಿಸಿದ ಪಟ್ಟಿಯಲ್ಲಿ ಪ್ರಿಂಟರಿನ ಟೋನರ್ ಇತ್ತು, ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಇತ್ತು, ಏಳೂವರೆ ಸೈಜಿನ ಗ್ಲೌಸ್ ಇತ್ತು. ಎಲ್ಲಕ್ಕಿಂತ ಕೆಳಗೆ, ಬಹಳ ವಿನಯದಿಂದ, ‘ಶಾಲೆಗೆ ಈ ವರ್ಷ ಪೇಂಟ್ ಬೇಡ, ನಮ್ಮ ಪೇಂಟರ್ ಇದ್ದಾರೆ’ ಎಂದು ಬರೆದಿತ್ತು.